ಪತ್ತೆಗೆ ಅವಸರ, ತರಬೇತಿಗೆ ನಿಧಾನ

(ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ನಮ್ಮ ಐದು ತಾಲ್ಲೂಕುಗಳಲ್ಲಿ ವಾಕ್ ಚಿಕಿತ್ಸೆ ಹೇಗಿರಬೇಕು ಎಂಬ ಕುರಿತ ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಉಪನ್ಯಾಸಗಳಲ್ಲಿ ನಾವು ಸಾಮಾನ್ಯವಾಗಿ ಕವಿಗಳ ಮಾತು, ಶರಣರ ಮಾತು ಕೇಳುತ್ತೇವೆ. ಮಾತು ಇನ್ನೂ ಬಾರದ ಮಕ್ಕಳ ಬಗ್ಗೆ, ಬಂದ ಮಾತನ್ನು ಕಳೆದುಕೊಂಡ ಹಿರಿಯರ ಬಗ್ಗೆ ಮಾತಾಡಲು ಈ ಬಾರಿ ಅವಕಾಶ ಕೊಟ್ಟಿದ್ದೀರಿ. ವಾಕ್ ಮತ್ತು ಶ್ರವಣ ಕ್ಷೇತ್ರದಲ್ಲಿ ಕೆಲಸ ಮಾಡುವವಳಾಗಿ ನಾನು ಇದಕ್ಕೆ ಋಣಿ.

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕಿವಿ ಮತ್ತು ಮಾತಿನ ತೊಂದರೆಯನ್ನು ಪತ್ತೆ ಹಚ್ಚುವಲ್ಲಿ ನಾವು ಒಂದು ದಿನವನ್ನೂ ವ್ಯರ್ಥ ಮಾಡಬಾರದು. ಪತ್ತೆಯಾದ ಮೇಲೆ ಕಲಿಸುವಲ್ಲಿ ಅವಸರಪಡಬಾರದು. ನಮ್ಮ ಕಡೆ ನಡೆಯುತ್ತಿರುವುದು ಬಹುಪಾಲು ಇದರ ತಿರುವುಮುರುವು. ಮಗುವಿಗೆ ಮೂರು, ನಾಲ್ಕು ವರ್ಷ ಆಗುವ ತನಕ ‘ಅವರಪ್ಪಗೂ ತಡವಾಗೇ ಮಾತು ಬಂದಿತ್ತು’ ಎಂದು ಕಾಯುತ್ತೇವೆ. ಆಮೇಲೆ ಒಮ್ಮೆಲೇ ಗಾಬರಿ ಬಿದ್ದು, ಕಳೆದ ಕಾಲವನ್ನೆಲ್ಲ ಒಂದು ತಿಂಗಳಲ್ಲಿ ತುಂಬಿಕೊಳ್ಳಲು ಹೊರಡುತ್ತೇವೆ. ಚಾರ್ಟು, ಮೊಬೈಲ್ ಆ್ಯಪು, ‘ಅನ್ನು ಅನ್ನು’ ಎಂಬ ಒತ್ತಾಯ. ಮಗು ಬಾಯಿ ಬಿಗಿದುಕೊಳ್ಳುತ್ತದೆ, ತಾಯಿ ಕಣ್ಣೀರು ಹಾಕುತ್ತಾಳೆ, ಚಿಕಿತ್ಸೆ ನಿಂತುಹೋಗುತ್ತದೆ.

1. ನಮ್ಮ ಸೀಮೆಯ ವಾಸ್ತವ

2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿತು. ಜಿಲ್ಲಾ ಕೇಂದ್ರ ಹೊಸಪೇಟೆ ಆಯಿತು. ಆದರೂ ಹರಪನಹಳ್ಳಿಯವರಿಗೆ ದಾವಣಗೆರೆ, ಕೂಡ್ಲಿಗಿಯವರಿಗೆ ಬಳ್ಳಾರಿ ಇಂದಿಗೂ ರೂಢಿಯ ದಾರಿ. ಹೊಸಪೇಟೆಯಿಂದ ಹರಿಹರಕ್ಕೆ ಹೋಗುವ ರೈಲು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಯನ್ನು ಮುಟ್ಟುತ್ತದೆ. ಕೂಡ್ಲಿಗಿ, ಹಡಗಲಿ ಕಡೆಯವರಿಗೆ ಬಸ್ಸೇ ಗತಿ. ಮಗುವನ್ನು ಎತ್ತಿಕೊಂಡು ಅರ್ಧ ಗಂಟೆಯ ಚಿಕಿತ್ಸೆಗೆ ಹೋಗಿಬರಲು ತಾಯಿಯ ಒಂದು ದಿನ ಹೋಗುತ್ತದೆ, ಆ ದಿನದ ಕೂಲಿಯೂ ಹೋಗುತ್ತದೆ. ವಾರಕ್ಕೆ ಮೂರು ದಿನ ಬನ್ನಿ ಎಂದು ಚೀಟಿ ಬರೆದುಕೊಟ್ಟರೆ ಆಕೆ ಎರಡನೇ ವಾರಕ್ಕೆ ಬರುವುದಿಲ್ಲ. ತಪ್ಪು ಆಕೆಯದಲ್ಲ, ಆಕೆಯ ಬದುಕಿಗೆ ಹೊಂದದ ಚೀಟಿಯದು.

ಇನ್ನೊಂದು ಸಂಗತಿ ಗುಳೆ. ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿಯ ತಾಂಡಾಗಳಿಂದ ಕುಟುಂಬ ಕುಟುಂಬವೇ ಮಂಡ್ಯದ ಕಡೆ ಕಬ್ಬು ಕಡಿಯಲು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಹೋಗುತ್ತದೆ. ಮಗುವೂ ಜೊತೆಗೆ ಹೋಗುತ್ತದೆ. ಕೊಠಡಿಯೊಳಗೆ ಮಾತ್ರ ನಡೆಯುವ ಚಿಕಿತ್ಸೆ ಅಲ್ಲಿಗೆ ಹೋಗಲಾರದು. ತಾಯಿಯ ಕೈಯಲ್ಲಿ, ಅಜ್ಜಿಯ ನಾಲಿಗೆಯಲ್ಲಿ ಇರುವ ಚಿಕಿತ್ಸೆ ಹೋಗಬಲ್ಲದು. ಹಾಗಾಗಿ ಸರಳ ವಿಧಾನವನ್ನು ಬಡವರಿಗೆ ಕೊಡುವ ಕಡಿಮೆ ದರ್ಜೆಯ ಸೇವೆ ಎಂದು ಯಾರೂ ತಿಳಿಯಬಾರದು. ನಮ್ಮ ಸೀಮೆಯಲ್ಲಿ ಕೊನೆ ತನಕ ನಡೆಯುವುದು ಅದೊಂದೇ.

2011ರ ಜನಗಣತಿ ದೇಶದಲ್ಲಿ 2.68 ಕೋಟಿ ಅಂಗವಿಕಲರನ್ನು ಎಣಿಸಿತು. ಅವರಲ್ಲಿ ಸುಮಾರು 50 ಲಕ್ಷ ಜನರಿಗೆ ಶ್ರವಣದೋಷ, ಸುಮಾರು 20 ಲಕ್ಷ ಜನರಿಗೆ ವಾಕ್‌ದೋಷ. ಈ ಸೇವೆಗೆ ಜನರನ್ನು ತಯಾರು ಮಾಡುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾಯಿತು, ಈಗ ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. 1972ರಷ್ಟು ಹಿಂದೆಯೇ ಬಾಬು, ರತ್ನ ಮತ್ತು ಬೆಟ್ಟಗೇರಿ ಎಂಬ ವಿದ್ವಾಂಸರು ಕನ್ನಡ ಮಕ್ಕಳಿಗೆಂದೇ ಉಚ್ಚಾರಣಾ ಪರೀಕ್ಷೆಯೊಂದನ್ನು ರೂಪಿಸಿದರು. ಬೆಂಗಳೂರಿನಲ್ಲಿ ಡಾ. ಪ್ರತಿಭಾ ಕಾರಂತ್ ಅವರು 2000ನೇ ಇಸವಿಯಲ್ಲಿ ಕಾಮ್ ಡೀಲ್ ಎಂಬ ಕಾರ್ಯಕ್ರಮ ಶುರು ಮಾಡಿ, ಆಟಿಸಂ ಇರುವ ಚಿಕ್ಕ ಮಕ್ಕಳಿಗೆ ಬಲುಬೇಗ ತರಬೇತಿ ಸಿಗುವಂತೆ ಮಾಡಿದರು. ಕನ್ನಡದಲ್ಲಿ ಈ ವಿದ್ಯೆಗೆ ಕೊರತೆ ಇಲ್ಲ. ಅದು ಕೂಡ್ಲಿಗಿಯ ಹಟ್ಟಿಗೆ, ಹಡಗಲಿಯ ತೋಟಕ್ಕೆ ಬಂದು ಮುಟ್ಟುವ ದಾರಿಯನ್ನು ನಾವು ಹಾಕಿಕೊಳ್ಳಬೇಕು.

2. ಅವಸರ ಎಲ್ಲಿ ಬೇಕು

ಮೊದಲು ಕಿವಿ. ಮಾತು ಬಾರದ ಯಾವ ಮಗುವನ್ನು ಕಂಡರೂ ನಾವು ಕೇಳಬೇಕಾದ ಮೊದಲ ಪ್ರಶ್ನೆ ‘ಇದಕ್ಕೆ ಕೇಳಿಸುತ್ತದೆಯೇ?’ ಎಂಬುದು. ತಟ್ಟೆ ಬಡಿದು, ಚಪ್ಪಾಳೆ ತಟ್ಟಿ ನೋಡಿ ‘ಕೇಳಿಸ್ತೈತಿ’ ಎಂದು ತೀರ್ಮಾನಿಸಬೇಡಿ. ಮಗು ನೆರಳನ್ನು ನೋಡಿ ತಿರುಗಿರಬಹುದು, ನೆಲದ ಅದುರು ತಿಳಿದು ತಿರುಗಿರಬಹುದು. ಲೋಕದ ತಜ್ಞರು ಒಪ್ಪಿರುವ ಲೆಕ್ಕ ನೆನಪಿಡಲು ಸುಲಭ: ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಮೂರು ತಿಂಗಳೊಳಗೆ ದೋಷದ ನಿರ್ಧಾರ, ಆರು ತಿಂಗಳೊಳಗೆ ಚಿಕಿತ್ಸೆ ಶುರು. ರಕ್ತಸಂಬಂಧದಲ್ಲಿ ಮದುವೆಯಾದ ಮನೆಗಳಲ್ಲಿ, ಹುಟ್ಟಿದಾಗ ತೂಕ ತೀರಾ ಕಡಿಮೆ ಇದ್ದ ಅಥವಾ ಕಾಮಾಲೆ ವಿಪರೀತ ಏರಿದ್ದ ಮಕ್ಕಳಲ್ಲಿ ಈ ಎಚ್ಚರ ಇನ್ನೂ ಹೆಚ್ಚಿರಲಿ.

ಕಿವುಡು ಎಂದು ಗೊತ್ತಾದ ಮಗುವಿಗೆ ಶ್ರವಣ ಸಾಧನ ಎಚ್ಚರವಿರುವ ಹೊತ್ತೆಲ್ಲ ಕಿವಿಯಲ್ಲಿರಬೇಕು. ಜಾತ್ರೆಗೆ, ಮದುವೆಗೆ ಹೋಗುವಾಗ ‘ಕಳೆದುಹೋದೀತು’ ಎಂದು ತೆಗೆದು ಪೆಟ್ಟಿಗೆಯಲ್ಲಿಡಬೇಡಿ. ಜಾತ್ರೆಯಲ್ಲೇ ಮಗು ಕೇಳಬೇಕಾದ ಮಾತು ಹೆಚ್ಚು ಇರುತ್ತದೆ. ಕೈಸನ್ನೆ ಕಲಿಸಿದರೆ ಮಾತು ಬರುವುದಿಲ್ಲ ಎಂಬ ಹೆದರಿಕೆಯನ್ನೂ ಬಿಡಿ. ಸನ್ನೆ ಭಾಷೆಯೂ ಪೂರ್ಣ ಭಾಷೆಯೇ. ಮಗುವಿನ ಬುದ್ಧಿಗೆ ಬೇಕಾದದ್ದು ಒಂದು ಭಾಷೆ, ಅದು ಆದಷ್ಟು ಬೇಗ ಬೇಕು.

ಕಿವಿ ಸರಿಯಿದ್ದ ಮಗುವಿಗೆ ಒರಟು ಲೆಕ್ಕ ಹೀಗಿದೆ. ಒಂದು ವರ್ಷದ ಹೊತ್ತಿಗೆ ಒಂದೆರಡು ಪದ. ಎರಡು ವರ್ಷದ ಹೊತ್ತಿಗೆ ‘ಅವ್ವ ಬಾ’, ‘ಹಾಲು ಬೇಕು’ ಎಂಬಂಥ ಎರಡು ಪದಗಳ ಜೋಡಣೆ. ಇದು ಬಾರದಿದ್ದರೆ, ಅಥವಾ ಬಂದ ಮಾತು ಯಾವ ವಯಸ್ಸಿನಲ್ಲೇ ಆಗಲಿ ಹಿಂದಕ್ಕೆ ಹೋದರೆ, ಕಾಯಬೇಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೂ ಶಾಲೆಗೂ ಬರುತ್ತವೆ. ಶ್ರವಣದೋಷ, ಸೀಳುತುಟಿ, ಮಾತಿನ ಹಿನ್ನಡೆ ಇವೆಲ್ಲ ಅವರ ಪಟ್ಟಿಯಲ್ಲಿವೆ. ಅವರು ಬಂದ ದಿನ ಅಂಗನವಾಡಿ ಕಾರ್ಯಕರ್ತೆ ‘ಈ ಮಗು ಮಾತಾಡ್ತಿಲ್ಲ’ ಎಂದು ಬೆರಳು ಮಾಡಿ ತೋರಿಸಿದರೆ ಅದಕ್ಕಿಂತ ದೊಡ್ಡ ಸೇವೆ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ವಾಕ್ ಮತ್ತು ಭಾಷಾ ದೋಷವೂ ಸೇರಿದೆ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ಬಳಿ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ವಿಚಾರ ಕೇಳುವುದರಲ್ಲಿ ಸಂಕೋಚ ಬೇಡ.

ಬಜೆ ತೇಯ್ದು ನಾಲಿಗೆಗೆ ಸವರುವುದು, ದೇವಸ್ಥಾನಕ್ಕೆ ಗಂಟೆ ಹರಕೆ ಹೊರುವುದು ನಮ್ಮ ಮನೆಗಳ ರೂಢಿ. ಹರಕೆ ತಾಯಿಯ ಎದೆಗೆ ಧೈರ್ಯ ಕೊಡುತ್ತದೆ, ಅದನ್ನು ಬಿಡಿ ಎನ್ನಲಾರೆ. ಗಂಟೆ ಕಟ್ಟಿ ಬರುವ ದಾರಿಯಲ್ಲೇ ಮಗುವಿನ ಕಿವಿಯನ್ನೂ ಪರೀಕ್ಷೆ ಮಾಡಿಸಿ ಎಂದಷ್ಟೇ ಕೇಳುತ್ತೇನೆ. ವರ್ಷ ತುಂಬದ ಕೂಸಿಗೆ ಜೇನುತುಪ್ಪದಲ್ಲಿ ಏನನ್ನೂ ನೆಕ್ಕಿಸಬೇಡಿ. ಅದು ಅಪಾಯ.

3. ಹೂ ಕಟ್ಟುವ ಮನೆಯಲ್ಲಿ

ಇನ್ನು ನಿಧಾನದ ಮಾತು. ಹಡಗಲಿ ಮಲ್ಲಿಗೆಯ ಹೆಸರು ನಾಡಿಗೆಲ್ಲ ಗೊತ್ತು. ಆ ಕಡೆಯ ಒಂದು ಮನೆಯಲ್ಲಿ ಎರಡೂವರೆ ವರ್ಷದ ಹುಡುಗ. ಕಿವಿ ಪರೀಕ್ಷೆ ಸರಿಯಾಗಿ ಬಂದಿತ್ತು. ‘ಎಲ್ಲಾ ತಿಳ್ಕೋತಾನ್ರೀ, ಬಾಯಿ ಮಾತ್ರ ಬರವಲ್ದು’ ಎಂಬುದು ತಾಯಿಯ ಅಳಲು. ಗೋಡೆಗೆ ಪ್ರಾಣಿಗಳ ಚಾರ್ಟು. ಆಕೆ ಜಿರಾಫೆಯ ಮೇಲೆ ಬೆರಳಿಟ್ಟು ‘ಇದೇನು? ಅನ್ನು, ಅನ್ನು’ ಎಂದರೆ ಹುಡುಗ ಬಾಗಿಲ ಕಡೆ ಮುಖ ಮಾಡುತ್ತಿದ್ದ. ಅವನ ಬದುಕಿನಲ್ಲಿ ಜಿರಾಫೆಗೆ ಯಾವ ಕೆಲಸವೂ ಇರಲಿಲ್ಲ.

ಚಾರ್ಟು ಬಿಟ್ಟು ದಿನದಂತೆ ಹೂ ಕಟ್ಟಲು ಕೂರಿ ಎಂದೆ. ಬುಟ್ಟಿ ಬಂತು, ದಾರ ಬಂತು, ಹುಡುಗ ತಾನಾಗಿಯೇ ಬಂದು ಕುಳಿತ. ಬುಟ್ಟಿಯಿಂದ ಒಂದೊಂದೇ ಮೊಗ್ಗು ತೆಗೆದು ಅವ್ವನ ಕೈಗೆ ಕೊಡುವುದು ಅವನಿಗೆ ದಿನದ ಆಟ. ಪ್ರತಿ ಸಲವೂ ‘ಮೊಗ್ಗು’ ಎನ್ನಿ, ಏನೂ ಕೇಳಬೇಡಿ, ಹೇಳುತ್ತಾ ಹೋಗಿ ಎಂದೆ. ‘ಮೊಗ್ಗು. ಬಿಳಿ ಮೊಗ್ಗು. ಇನ್ನೊಂದು ಮೊಗ್ಗು.’ ಹೀಗೆ ಅರ್ಧ ಮೊಳ ಆಯಿತು. ಆಮೇಲೆ ಒಂದು ಸಲ ದಾರ ಹಿಡಿದು ಕೈ ಚಾಚಿ, ಮುಖ ನೋಡಿ, ಸುಮ್ಮನಿರಿ ಎಂದೆ. ಆಕೆ ಸುಮ್ಮನಾದಳು. ಪಕ್ಕದಲ್ಲಿದ್ದ ಅಜ್ಜಿ ‘ಅನ್ನಲೋ’ ಎನ್ನಹೊರಟಾಗ ನಾನು ಕೈಸನ್ನೆಯಿಂದ ತಡೆದೆ. ಹುಡುಗ ಕೈ ನೋಡಿದ, ಅವ್ವನ ಮುಖ ನೋಡಿದ. ‘ಮೊ’ ಎಂದ.

ಇಲ್ಲಿ ನಾವು ಮಾಡುವ ಸಾಮಾನ್ಯ ತಪ್ಪು ‘ಮೊ ಅಲ್ಲ, ಮೊಗ್ಗು ಅನ್ನು, ಸರಿಯಾಗಿ ಅನ್ನು’ ಎಂದು ತಿದ್ದುವುದು. ಆ ತಾಯಿ ತಿದ್ದಲಿಲ್ಲ. ‘ಹ್ಞೂಂ, ಮೊಗ್ಗು!’ ಎಂದು ನಗುತ್ತಾ ಅದನ್ನು ದಾರಕ್ಕೆ ಸೇರಿಸಿದಳು. ಮಗು ಮಾತಾಡಿತು, ಅವ್ವನ ಕೆಲಸ ಮುಂದಕ್ಕೆ ಹೋಯಿತು. ಮಾತಿಗೆ ಸಿಗಬೇಕಾದ ಬಹುಮಾನ ಅದೇ. ಒಂದು ಎಚ್ಚರಿಕೆ: ಸುಮ್ಮನಿರುವುದು ಎಂದರೆ ಹಸಿದ ಮಗುವಿನ ಮುಂದೆ ತಟ್ಟೆ ಹಿಡಿದು ಸತಾಯಿಸುವುದಲ್ಲ. ಮನಸ್ಸಿನಲ್ಲಿ ಐದು ಎಣಿಸುವಷ್ಟು ಹೊತ್ತು ಕಾಯಿರಿ. ಮಾತು ಬಂದರೂ, ಬರೀ ನೋಟ ಬಂದರೂ, ಕೊಟ್ಟುಬಿಡಿ.

ಹೂವಿನ ಬುಟ್ಟಿ ಖಾಲಿಯಾದ ಮೇಲೆ ತಾಯಿ ಕೇಳಿದಳು: ‘ಹಿಂಗ ಮಾತಾಡ್ಕೊಂತ ಕುಂತ್ರ ಸಾಕೇನ್ರಿ ಮೇಡಂ? ಇದಕ್ಕೂ ಟ್ರೇನಿಂಗ್ ಅಂತಾರೇನ್ರಿ?’ ಹೌದವ್ವಾ, ಇದೇ ಟ್ರೇನಿಂಗ್ ಎಂದೆ. ಕೆನಡಾದ ಹ್ಯಾನೆನ್ ಸಂಸ್ಥೆ 1975ರಿಂದ ತಾಯಿ ತಂದೆಯರನ್ನು ಕೂರಿಸಿ ಹೇಳಿಕೊಡುತ್ತಿರುವುದೂ ಇದನ್ನೇ: ಮಗುವನ್ನು ನೋಡಿ, ಕಾಯಿರಿ, ಕೇಳಿ.

ನಮಗೆ ಕಾಯುವುದು ಹೊಸದಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದೊಡನೆ ಲಕ್ಷಾಂತರ ಜನ ಒಮ್ಮೆಲೇ ನಿಶ್ಶಬ್ದರಾಗುತ್ತಾರೆ. ಬರುವ ಕಾರ್ಣಿಕ, ಅಂದರೆ ಭವಿಷ್ಯವಾಣಿ, ಒಂದೇ ಸಾಲು. ಆ ಒಂದು ಸಾಲಿಗಾಗಿ ಅಷ್ಟು ಜನ ತಡೆದು ನಿಲ್ಲಬಲ್ಲ ಸೀಮೆಯಲ್ಲಿ, ಒಂದು ಮಗುವಿನ ಒಂದು ಪದಕ್ಕಾಗಿ ಮನೆಯವರು ಐದು ಎಣಿಸುವ ತನಕ ತಡೆಯಲಾರರೇ? ತಡೆಯಬಲ್ಲರು. ಹೇಳಿಕೊಡುವವರು ಬೇಕು.

4. ಮನೆಮಾತು ರೋಗವಲ್ಲ

ತಾಂಡಾದ ಮಗು ಶಾಲೆಗೆ ಬಂದು ಬಾಯಿ ಬಿಡದಿದ್ದಾಗ ‘ಮನ್ಯಾಗ ಲಂಬಾಣಿ ಮಾತಾಡೋದು ಬಿಡ್ರಿ, ಬರೀ ಕನ್ನಡ ಮಾತಾಡ್ರಿ’ ಎಂದು ತಾಯಿಗೆ ಹೇಳುವವರಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಎರಡು ಭಾಷೆ ಕೇಳುವುದರಿಂದ ಮಗುವಿಗೆ ಮಾತಿನ ದೋಷ ಬರುವುದಿಲ್ಲ. ತಾಯಿ ತನಗೆ ಅರೆಬರೆ ಬರುವ ಭಾಷೆಯಲ್ಲಿ ಮಾತಾಡಹೊರಟರೆ ಅವಳ ಮಾತೇ ಕಡಿಮೆಯಾಗುತ್ತದೆ. ಜೋಗುಳ, ಬೈಗುಳ, ಮುದ್ದು, ಕತೆ ಎಲ್ಲವೂ ಸೊರಗುತ್ತವೆ. ಲಂಬಾಣಿಯಲ್ಲಿ, ಅಂದರೆ ಗೋರ್ ಬೋಲಿಯಲ್ಲಿ, ಗಟ್ಟಿಯಾಗಿ ಬೆಳೆದ ಮಾತಿನ ಮೇಲೆ ಕನ್ನಡ ಸಲೀಸಾಗಿ ಬರುತ್ತದೆ. ತೊಂದರೆ ಇದೆಯೋ ಇಲ್ಲವೋ ನೋಡುವಾಗಲೂ ಮನೆಮಾತಿನಲ್ಲಿ ಮಗು ಹೇಗಿದೆ ಎಂದು ತಾಯಿಯನ್ನೇ ಕೇಳಬೇಕು.

ಇದೇ ಮಾತು ನಮ್ಮ ಕನ್ನಡಕ್ಕೂ. ಮೈಸೂರು, ಬೆಂಗಳೂರಿನಲ್ಲಿ ಕಲಿತು ಬರುವ ಯುವ ಚಿಕಿತ್ಸಕರಿಗೆ ಹೇಳುತ್ತೇನೆ: ಕೂಡ್ಲಿಗಿಯ ಹುಡುಗ ‘ಭಾಷೆ’ಯನ್ನು ‘ಬಾಷೆ’ ಎಂದರೆ, ‘ಬೇಡ’ವನ್ನು ‘ಬ್ಯಾಡ’ ಎಂದರೆ ಅದನ್ನು ದೋಷದ ಹಾಳೆಯಲ್ಲಿ ಬರೆಯಬೇಡಿ. ಅವನ ಅವ್ವ, ಅಪ್ಪ, ಓಣಿಯವರೆಲ್ಲ ಹಾಗೇ ಮಾತಾಡುತ್ತಾರೆ. ‘ರ’ಕಾರ ಎಲ್ಲ ಮಕ್ಕಳಿಗೂ ತಡವಾಗಿ ಕೈಗೂಡುವ ಧ್ವನಿ. ನಾಲ್ಕು ವರ್ಷದ ಮಗು ‘ರೊಟ್ಟಿ’ಗೆ ‘ಲೊಟ್ಟಿ’ ಎಂದರೆ ನಗಬೇಡಿ, ಹೆದರಬೇಡಿ. ಓಣಿಯವರಿಗೆ ಅದರ ಮಾತು ತಿಳಿಯುತ್ತಿದೆಯೇ ಎಂಬುದನ್ನು ಮೊದಲು ನೋಡಿ. ತಿಳಿಯದಿದ್ದರೆ, ತಿಳಿವಿಗೆ ಹೆಚ್ಚು ಅಡ್ಡಿಯಾಗಿರುವ ಒಂದು ಧ್ವನಿಯಿಂದ ಶುರು ಮಾಡಿ. ಹತ್ತು ಗುರಿ ಬರೆದ ಹಾಳೆ ಕಡತದಲ್ಲಿ ಚೆಂದ ಕಾಣುತ್ತದೆ. ಮನೆಯಲ್ಲಿ ನಡೆಯುವುದು ಒಂದೇ.

5. ಉಗ್ಗುವವರಿಗೆ ಪುರುಸೊತ್ತು ಕೊಡಿ

ಉಗ್ಗು ಹೆಚ್ಚಾಗಿ ಎರಡರಿಂದ ಐದು ವರ್ಷದ ನಡುವೆ ಕಾಣಿಸಿಕೊಳ್ಳುತ್ತದೆ. ನೂರರಲ್ಲಿ ಸುಮಾರು ಐದು ಮಕ್ಕಳಿಗೆ ಒಂದಲ್ಲ ಒಂದು ಹಂತದಲ್ಲಿ ಬರುತ್ತದೆ, ಬಹುಪಾಲು ಮಕ್ಕಳಲ್ಲಿ ಹೋಗಿಬಿಡುತ್ತದೆ. ದೊಡ್ಡವರಲ್ಲಿ ಉಳಿಯುವುದು ನೂರಕ್ಕೆ ಸುಮಾರು ಒಬ್ಬರಲ್ಲಿ. ಆರು ತಿಂಗಳು ದಾಟಿಯೂ ಮುಂದುವರಿದರೆ, ಮಗು ಮುಖ ಹಿಂಡಿ ಒದ್ದಾಡಿದರೆ, ಮಾತಿಗೇ ಹೆದರಿದರೆ ಚಿಕಿತ್ಸಕರಿಗೆ ತೋರಿಸಿ. ಅಷ್ಟರೊಳಗೆ ಮನೆಯಲ್ಲಿ ಮಾಡಬೇಕಾದದ್ದು ಬೇರೆ: ಮಗುವಿನ ಮಾತಿನಲ್ಲಿ ತಪ್ಪು ಹುಡುಕದಿರುವುದು.

1939ರಲ್ಲಿ ಅಮೆರಿಕದ ಅಯೋವಾದಲ್ಲಿ 22 ಅನಾಥ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಸರಿಯಾಗಿಯೇ ಮಾತಾಡುತ್ತಿದ್ದ ಕೆಲವು ಮಕ್ಕಳಿಗೂ ‘ನಿನ್ನ ಮಾತು ಸರಿಯಿಲ್ಲ’ ಎಂದು ಮತ್ತೆ ಮತ್ತೆ ಹೇಳಲಾಯಿತು. ಆ ಮಕ್ಕಳು ಕುಗ್ಗಿದರು, ಮಾತಾಡಲು ಹಿಂಜರಿದರು. 2001ರಲ್ಲಿ ಅಯೋವಾ ವಿಶ್ವವಿದ್ಯಾಲಯ ತನ್ನಲ್ಲಿ ನಡೆದ ಆ ಪ್ರಯೋಗಕ್ಕಾಗಿ ಕ್ಷಮೆ ಕೇಳಿತು. ನಮ್ಮ ಶಾಲೆಗಳಲ್ಲಿ, ಕಟ್ಟೆಗಳಲ್ಲಿ, ಮದುವೆಮನೆಗಳಲ್ಲಿ ಉಗ್ಗುವವರನ್ನು ಅಣಕಿಸುವಾಗ ಆ ಪ್ರಯೋಗವನ್ನೇ ನಾವು ದಿನವೂ ನಡೆಸುತ್ತೇವೆ. ದಯವಿಟ್ಟು ನಿಲ್ಲಿಸೋಣ.

ಚಾರ್ಲ್ಸ್ ವ್ಯಾನ್ ರೈಪರ್ ಎಂಬ ಅಮೆರಿಕದ ಚಿಕಿತ್ಸಕ ಸ್ವತಃ ಉಗ್ಗುತ್ತಿದ್ದರು. ಉಗ್ಗನ್ನು ಮುಚ್ಚಿಡಲು ಹೆಣಗುವುದೇ ದೊಡ್ಡ ಭಾರ, ಅದನ್ನು ಬಿಟ್ಟು ಸಲೀಸಾಗಿ ಉಗ್ಗಲು ಕಲಿಯಿರಿ ಎಂಬುದು ಅವರು ಕಲಿಸಿದ ದಾರಿ. ಶಿಕ್ಷಕರು ಇದನ್ನು ನಾಳೆಯೇ ಬಳಸಬಹುದು. ಹಾಜರಿ ಕರೆಯುವಾಗ ‘ಎಸ್ ಸಾರ್’ ಎನ್ನಲು ಒದ್ದಾಡುವ ಹುಡುಗನಿಗೆ ಕೈ ಎತ್ತಲು ಬಿಡಿ. ಅವನ ಮಾತನ್ನು ನೀವು ಮುಗಿಸಬೇಡಿ. ‘ನಿಧಾನಕ್ಕೆ ಹೇಳು’ ಎಂದು ಅವನಿಗೆ ಹೇಳುವ ಬದಲು ನೀವೇ ನಿಧಾನವಾಗಿ ಮಾತಾಡಿ. ದೊಡ್ಡವರ ಮಾತಿನ ವೇಗ ಇಳಿದರೆ ಮಗುವಿನ ಮೇಲಿನ ಒತ್ತಡ ತಾನಾಗಿಯೇ ಇಳಿಯುತ್ತದೆ.

6. ಲಕ್ವ ಹೊಡೆದ ಮನೆಯಲ್ಲಿ

ಇಲ್ಲಿಯೂ ಅದೇ ಸೂತ್ರ: ಮೊದಲು ಅವಸರ, ಆಮೇಲೆ ನಿಧಾನ. ಬಾಯಿ ಸೊಟ್ಟಗಾಯಿತು, ಕೈ ಬಿದ್ದುಹೋಯಿತು, ಮಾತು ತೊದಲಿತು ಎಂದರೆ ನಾಟಿ ಔಷಧಕ್ಕೆ ಊರೂರು ಅಲೆಯಬೇಡಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದು ಕೆಲಸ ಮಾಡುವುದು ಮೊದಲ ನಾಲ್ಕೂವರೆ ಗಂಟೆಯೊಳಗೆ. 108ಕ್ಕೆ ಕರೆ ಮಾಡಿ, ಸ್ಕ್ಯಾನಿಂಗ್ ಇರುವ ಆಸ್ಪತ್ರೆಗೆ ಹೊರಡಿ.

ಜೀವ ಉಳಿದ ಮೇಲೆ ಮಾತಿನ ಕೆಲಸಕ್ಕೆ ತಿಂಗಳುಗಳು, ವರ್ಷಗಳು ಬೇಕು. ಕೊಟ್ಟೂರು ಕಡೆಯ ಒಬ್ಬ ಹಿರಿಯರು ಭಜನೆ ಮೇಳದಲ್ಲಿ ಹಾಡುತ್ತಿದ್ದವರು. ಬಲಗಡೆ ಲಕ್ವ ಹೊಡೆದು, ‘ಅದ, ಅದ’ ಎನ್ನುವುದರ ಹೊರತು ಬೇರೆ ಮಾತಿಲ್ಲ. ಬಂದವರೆಲ್ಲ ಮಂಚದ ಪಕ್ಕ ನಿಂತು ‘ನಾನ್ಯಾರು ಗೊತ್ತಾಯ್ತೇನು? ಹೆಸ್ರು ಹೇಳು ನೋಡೋಣ’ ಎಂದು ಪರೀಕ್ಷೆ ಮಾಡುವವರೇ. ಅವರು ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಹಳೆಯ ಜೊತೆಗಾರರು ಒಂದು ಸಂಜೆ ಬಂದು, ಏನನ್ನೂ ಕೇಳದೆ, ತಾಳ ಹಿಡಿದು ಹಾಡಲು ಶುರು ಮಾಡಿದರು. ಎರಡನೇ ಸಲದ ಪಲ್ಲವಿಗೆ ಹಿರಿಯರ ತುಟಿ ಕೂಡಿತು. ಮೂರನೇ ಸಲಕ್ಕೆ ಪದಗಳು ಬಂದವು. ಮಗ ಬೆರಗಾದ.

ಇದು ಪವಾಡವಲ್ಲ. ಹೆಚ್ಚಿನವರಲ್ಲಿ ಮಾತಿನ ಕೆಲಸ ಮೆದುಳಿನ ಎಡಭಾಗದ್ದು. ಹಾಡಿನಲ್ಲಿ ಬಲಭಾಗವೂ ಕೈಜೋಡಿಸುತ್ತದೆ, ಬಾಯಿಪಾಠವಾದ ಸಾಲುಗಳು ಆಘಾತದ ನಂತರವೂ ಹಲವರಲ್ಲಿ ಉಳಿದಿರುತ್ತವೆ. 1973ರಲ್ಲಿ ಬೋಸ್ಟನ್ನಿನ ತಜ್ಞರು ಈ ತಿಳಿವಿನ ಮೇಲೆಯೇ ರಾಗದ ಮೂಲಕ ಮಾತು ಕಲಿಸುವ ಚಿಕಿತ್ಸೆಯನ್ನು ಕಟ್ಟಿದರು. ಹಾಡು ಬಂತೆಂದರೆ ಮಾತು ಪೂರ್ತಿ ಮರಳಿತು ಎಂದಲ್ಲ. ಅಲ್ಲಿಂದ ‘ನೀರು’, ‘ಬಾ’, ‘ಸಾಕು’ ಎಂಬ ದಿನಬಳಕೆಯ ಪದಗಳನ್ನು ರಾಗಕ್ಕೆ ಹೊಂದಿಸಿ, ಮೆಲ್ಲಗೆ ರಾಗ ಬಿಡಿಸುತ್ತಾ ಬರಬೇಕು. ಮನೆಯವರು ಟಿ.ವಿ. ಆರಿಸಿ, ಒಬ್ಬೊಬ್ಬರೇ ಮಾತಾಡಿ, ‘ಚಹಾ ಬೇಕಾ, ಹಾಲು ಬೇಕಾ?’ ಎಂದು ಎರಡನ್ನೂ ತೋರಿಸಿ ಕೇಳಬೇಕು. ಹಿರಿಯರ ಜೊತೆ ಕೂಸಿನ ಜೊತೆ ಮಾತಾಡಿದಂತೆ ಮಾತಾಡಬಾರದು. ಅವರು ಕಳೆದುಕೊಂಡದ್ದು ಪದಗಳನ್ನು, ತಿಳಿವಳಿಕೆಯನ್ನಲ್ಲ.

7. ನಾನು ಕೇಳಿಕೊಳ್ಳುವುದು

ಈ ದತ್ತಿಯ ನೆಪದಲ್ಲಿ ಮೂರು ಕೋರಿಕೆಗಳನ್ನು ನಿಮ್ಮ ಮುಂದಿಡುತ್ತೇನೆ.

ಒಂದು, ಐದೂ ತಾಲ್ಲೂಕು ಕೇಂದ್ರಗಳಲ್ಲಿ ಸಂತೆಯ ದಿನ ಒಂದು ಕೊಠಡಿ ವಾಕ್ ಶ್ರವಣ ಸೇವೆಗೆ ತೆರೆದಿರಲಿ. ಸಂತೆಗೆ ತಾಯಂದಿರು ಹೇಗೂ ಬರುತ್ತಾರೆ. ಬೇರೆ ದಿನದ ಕೂಲಿ ಹೋಗುವುದಿಲ್ಲ. ಮೈಸೂರಿನ ಸಂಸ್ಥೆ ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯಂಥ ಊರಿನ ಆರೋಗ್ಯ ಕೇಂದ್ರದಲ್ಲೇ ಸೇವಾ ಕೇಂದ್ರ ನಡೆಸಿ ದಾರಿ ತೋರಿಸಿದೆ. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಸಾಧ್ಯವಾದದ್ದು ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಸಾಧ್ಯವಾಗದೇ ಇರದು.

ಎರಡು, ಮನೆಗೆ ಕೊಡುವ ಸೂಚನೆ ಒಂದು ಭೇಟಿಗೆ ಒಂದೇ ಇರಲಿ. ಅದು ಆ ಮನೆಯಲ್ಲಿ ಈಗಾಗಲೇ ನಡೆಯುವ ಕೆಲಸಕ್ಕೆ ಹೊಂದಿರಲಿ: ರೊಟ್ಟಿ ತಟ್ಟುವುದು, ಎಮ್ಮೆ ಮೈ ತೊಳೆಯುವುದು, ಶೇಂಗಾ ಬಿಡಿಸುವುದು. ಓದು ಬಾರದ ತಾಯಿಗೆ ಅದನ್ನು ಮೊಬೈಲಿನಲ್ಲಿ ಧ್ವನಿಯಾಗಿ ಕಳಿಸಿ. ಗುಳೆ ಹೋದರೂ ಆ ಧ್ವನಿ ಅವಳ ಜೊತೆ ಹೋಗುತ್ತದೆ, ಕಾಫಿ ತೋಟದ ಸಾಲಿನಿಂದಲೇ ಮಗುವಿನ ಹೊಸ ಪದವನ್ನು ಆಕೆ ನಮಗೆ ತಿರುಗಿ ಕಳಿಸಬಲ್ಲಳು.

ಮೂರು, ನನ್ನ ವೃತ್ತಿಯ ಕಿರಿಯರಿಗೆ. ನೀವು ಕೊಠಡಿಯೊಳಗೆ ಬರುವಾಗ ಹೊರಗೆ ಇಪ್ಪತ್ತು ಜನ ಕಾದಿರಬಹುದು. ಒಳಗಿರುವ ಮಗುವಿಗೆ ಅದು ತಿಳಿಯದಿರಲಿ. ನಿಮ್ಮ ಗಡಿಬಿಡಿ ತಾಯಿಗೆ ಅಂಟುತ್ತದೆ, ತಾಯಿಯಿಂದ ಮಗುವಿಗೆ ಅಂಟುತ್ತದೆ. ಮೊದಲ ಹತ್ತು ನಿಮಿಷ ನೆಲದ ಮೇಲೆ ಕುಳಿತು ತಾಯಿ ಮಗು ಆಡುವುದನ್ನು ನೋಡಿ. ತಾಯಿ ಈಗಾಗಲೇ ಸರಿಯಾಗಿ ಮಾಡುತ್ತಿರುವ ಒಂದನ್ನು ಹುಡುಕಿ, ಅದನ್ನು ಬಾಯಿಬಿಟ್ಟು ಅವಳಿಗೆ ಹೇಳಿ. ಚಿಕಿತ್ಸೆ ಅಲ್ಲಿಂದ ಶುರುವಾಗಲಿ. ನೀವು ವಾರಕ್ಕೆ ಅರ್ಧ ಗಂಟೆ ಸಿಗುವವರು, ಅವಳು ದಿನವೆಲ್ಲ ಇರುವವಳು. ಹೀಗೆ ಸರಳವಾಗಿ ಹೇಳಿಕೊಟ್ಟರೆ ನಮ್ಮ ವಿದ್ಯೆಯ ಗೌರವ ಕಡಿಮೆಯಾದೀತೆಂಬ ಅಂಜಿಕೆ ಬೇಡ. ಏನನ್ನು ಬಿಡಬೇಕೆಂದು ತಿಳಿಯಲು ಎಲ್ಲವನ್ನೂ ಕಲಿತಿರಲೇಬೇಕು.

ಕಿವಿಯ ಪರೀಕ್ಷೆ ಈ ವಾರವೇ ಆಗಲಿ. ಮಾತು ಬರಲು ಅದಕ್ಕೆ ಬೇಕಾದಷ್ಟು ಕಾಲ ಸಿಗಲಿ. ಈ ಎರಡನ್ನೂ ಒಟ್ಟಿಗೆ ಮಾಡಬಲ್ಲ ಜನ ಈ ಸಭೆಯಲ್ಲೇ ಕುಳಿತಿದ್ದೀರಿ: ಪತ್ತೆ ಹಚ್ಚುವ ಅಂಗನವಾಡಿ ಕಾರ್ಯಕರ್ತೆ, ಕಳಿಸಿಕೊಡುವ ಆಶಾ, ಕಾಯುವ ಶಿಕ್ಷಕ, ಕಲಿಸುವ ತಾಯಿ. ನಿಮ್ಮೊಡನೆ ಕೆಲಸ ಮಾಡಲು ನಾನು ಸದಾ ಸಿದ್ಧ.